ಕಾಫಿ–ಟೀ ಬೀಜದ ಕಿಟ್: ಮಲೆನಾಡಿನವರಿಗೆ ಇದು ಬೇಕೇ?

‘ಮನೆಯಲ್ಲೇ ಕಾಫಿ, ಟೀ ಬೆಳೆಸಿ’ ಎನ್ನುವ ಕಿಟ್‌ಗಳು ಆನ್‌ಲೈನ್‌ನಲ್ಲಿ ಹಲವು ಹೆಸರಲ್ಲಿ ಮಾರಾಟಕ್ಕಿವೆ. ಡಬ್ಬಿಯ ಬಣ್ಣ ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಒಂದು ಪೊಟ್ಟಣದಲ್ಲಿ ಒಂದಿಷ್ಟು ಕಾಫಿ ಬೀಜ, ಇನ್ನೊಂದರಲ್ಲಿ ಐದಾರು ಟೀ ಬೀಜ, ನೀರು ಹಾಕಿದರೆ ಉಬ್ಬುವ ತೆಂಗಿನ ನಾರಿನ ಬಿಲ್ಲೆ, ಲೋಟದಷ್ಟು ದೊಡ್ಡ ಕುಂಡ, ಹೆಸರು ಬರೆದು ನೆಡುವ ಕಡ್ಡಿ, ಬೆಳೆಸುವ ವಿಧಾನ ಅಚ್ಚು ಹಾಕಿದ ಒಂದು ಕಾಗದ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯವರೂ ಇದನ್ನು ಉಡುಗೊರೆಗೆಂದು, ಮಕ್ಕಳಿಗೆಂದು ತರಿಸುತ್ತಾರೆ. ಇಲ್ಲಿ ಹೇಳುವುದು ಯಾವುದೋ ಒಂದು ಕಂಪನಿಯ ಬಗ್ಗೆ ಅಲ್ಲ, ಈ ಬಗೆಯ ಕಿಟ್ ಬಗ್ಗೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕೊಯ್ಲಾದ ದಿನಾಂಕ ಬರೆಯದ ಕಾಫಿ ಬೀಜವನ್ನೂ ಟೀ ಬೀಜವನ್ನೂ ಕೊಳ್ಳಬೇಡಿ, ಡಬ್ಬಿ ಎಷ್ಟೇ ಚೆನ್ನಾಗಿರಲಿ. ಐದರಲ್ಲಿ ಒಂದು ಅಂಕ, ಅದೂ ನಾರಿನ ಬಿಲ್ಲೆ ಮತ್ತು ಕಡ್ಡಿಗೆ.

ಕಾಫಿ ಬೀಜ ಭತ್ತದ ಹಾಗಲ್ಲ. ಭತ್ತವನ್ನು ಗರಿಗರಿಯಾಗಿ ಒಣಗಿಸಿ ಕಣಜದಲ್ಲಿಟ್ಟರೆ ಮುಂದಿನ ಹಂಗಾಮಿಗೂ ಮೊಳೆಯುತ್ತದೆ. ಹಲಸಿನ ಬೀಜವನ್ನು ಹಾಗೆ ಒಣಗಿಸಿ ನೋಡಿ, ಬೇಯಿಸಿ ತಿನ್ನಲು ಬಂದೀತೇ ಹೊರತು ಸಸಿಯಾಗದು. ಟೀ ಬೀಜ ಪೂರ್ತಿ ಹಲಸಿನ ಬೀಜದ ಜಾತಿ. ಕಾಫಿ ಎರಡರ ನಡುವೆ ನಿಲ್ಲುತ್ತದೆ: ಸ್ವಲ್ಪ ಆರಿದರೆ ತಾಳಿಕೊಳ್ಳುತ್ತದೆ, ಆದರೆ ತಿಂಗಳು ಕಳೆದಂತೆ ಮೊಳೆಯುವ ಶಕ್ತಿ ಇಳಿಯುತ್ತಾ ಹೋಗುತ್ತದೆ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಎಂದು ಎರಡು ಮುಖ್ಯ ಜಾತಿ: ಅರೇಬಿಕಾ ಬೀಜವನ್ನು ಮನೆಯಲ್ಲಿ ಎಷ್ಟು ಜೋಪಾನ ಮಾಡಿದರೂ ಆರು ತಿಂಗಳ ಮೇಲೆ ನಂಬುವಂತಿಲ್ಲ, ರೊಬಸ್ಟಾ ಅದಕ್ಕಿಂತ ಬೇಗ ಸಾಯುತ್ತದೆ. ಗೋದಾಮಿನಲ್ಲಿ ಎಷ್ಟು ದಿನ ಬಿದ್ದಿತ್ತು, ಯಾವ ಊರಿನ ಬಿಸಿಲಿನಲ್ಲಿ ಲಾರಿಯಲ್ಲಿತ್ತು ಎಂದು ಪೊಟ್ಟಣ ಹೇಳುವುದಿಲ್ಲ. ‘ಬಳಸಬಹುದಾದ ಅವಧಿ 24 ತಿಂಗಳು’ ಎಂಬ ಮಾತು ಕಂಡರೆ ಆ ಮುದ್ರೆ ಟೊಮೆಟೊ, ಕೊತ್ತಂಬರಿ ಬೀಜದ ಲೆಕ್ಕದಲ್ಲಿ ಬಿದ್ದದ್ದು ಎಂದು ತಿಳಿಯಿರಿ.

ಕಿಟ್ ಈಗಾಗಲೇ ಮನೆಗೆ ಬಂದಿದೆ ಎಂದಾದರೆ ಒಂದೂವರೆ ತಿಂಗಳು ನೀರು ಹಾಕಿ ಕಾಯುವ ಮೊದಲು ಒಂದು ಪರೀಕ್ಷೆ ಮಾಡಿ. ಬೀಜವನ್ನು ಅಂಗೈ ಮೇಲೆ ಇಟ್ಟು ನೋಡಿ. ಬಿತ್ತನೆಗೆ ಬರುವ ಕಾಫಿ ಬೀಜದ ಮೈಮೇಲೆ ಒಣಹುಲ್ಲಿನ ಬಣ್ಣದ, ಉಗುರಿಗೆ ಟಕ್ಕೆನ್ನುವ ಹೊಟ್ಟು ಇರಬೇಕು. ತೋಟದವರು ಪಾರ್ಚ್‌ಮೆಂಟ್ ಎನ್ನುವುದು ಇದಕ್ಕೇ. ಹೊಟ್ಟಿಲ್ಲದೆ ಬೂದುಹಸಿರು ಬಣ್ಣದ ಬೋಳು ಬೀಜ ಬಂದಿದ್ದರೆ ಅದು ಕ್ಯೂರಿಂಗ್ ಕಾರ್ಖಾನೆಯಿಂದ ಬಂದ ಮಾಲು. ಹುರಿದು ಪುಡಿ ಮಾಡಲೆಂದೇ ಒಣಗಿಸಿ, ಯಂತ್ರದಲ್ಲಿ ಹೊಟ್ಟು ಬಿಡಿಸಿದ್ದು, ಮೊಳಕೆಗೆ ಆಗದು. ಹೊಟ್ಟು ಇದ್ದರೆ ಎರಡು ಬೀಜ ಬಲಿ ಕೊಡಿ. ಒಂದು ದಿನ ನೀರಲ್ಲಿ ನೆನೆಸಿ, ಹೊಟ್ಟು ಸುಲಿದು, ಬ್ಲೇಡಿನಿಂದ ದುಂಡಗಿರುವ ಬೆನ್ನಿನ ಕಡೆ ಒಂದು ತುದಿಯಲ್ಲಿ ತೆಳ್ಳಗೆ ಕೆತ್ತುತ್ತಾ ಹೋಗಿ. ಮೂರು-ನಾಲ್ಕು ಮಿಲಿಮೀಟರ್ ಉದ್ದದ ಪುಟ್ಟ ಭ್ರೂಣ ಅಲ್ಲಿ ಮಲಗಿರುತ್ತದೆ. ಹಾಲುಬಿಳಿ ಬಣ್ಣವಿದ್ದು, ಸೂಜಿ ಮೊನೆ ತಾಗಿಸಿದರೆ ಗಟ್ಟಿಯಾಗಿದ್ದರೆ ಬೀಜ ಜೀವಂತ. ಹಳದಿಗೋ ಕಂದಿಗೋ ತಿರುಗಿ ಮೆತ್ತಗಾಗಿದ್ದರೆ ಉಳಿದವನ್ನೂ ಗೊಬ್ಬರದ ಗುಂಡಿಗೆ ಹಾಕಬಹುದು. ಟೀ ಬೀಜಕ್ಕೆ ಇನ್ನೂ ಸುಲಭದ ಗುರುತುಂಟು: ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗಡಗಡ ಎಂದರೆ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡಿದೆ, ಅದು ಸತ್ತ ಬೀಜ.

ಇನ್ನೊಂದು ದೊಡ್ಡ ಕೊರತೆ, ಪೊಟ್ಟಣದ ಮೇಲೆ ‘ಕಾಫಿ’ ಎಂದಷ್ಟೇ ಇರುತ್ತದೆ. ಅರೇಬಿಕಾವೋ ರೊಬಸ್ಟಾವೋ, ಯಾವ ತಳಿ, ಒಂದೂ ಇಲ್ಲ. ಮನೆಯಲ್ಲಿ ಒಂದೆರಡು ಗಿಡ ಇಡುವವರಿಗೆ ಇದು ಸಣ್ಣ ಮಾತಲ್ಲ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಒಂದೇ ಗಿಡ ಇದ್ದರೂ ಹಣ್ಣು ಬಿಡುತ್ತದೆ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು. ಟೆರೇಸಿನ ಮೇಲೆ ಒಂಟಿ ರೊಬಸ್ಟಾ ಇಟ್ಟರೆ ಮಾರ್ಚಿನಲ್ಲಿ ಮಲ್ಲಿಗೆಯಂತೆ ಹೂ ತುಂಬಿಕೊಂಡು ಘಮಘಮಿಸಿ, ಕಾಯಿ ಇಲ್ಲದೆ ಉದುರಿಹೋಗುತ್ತದೆ. ಅಕ್ಕಪಕ್ಕದಲ್ಲಿ ತೋಟವಿದ್ದರೆ ಮಾತು ಬೇರೆ. ಹಾಗಂತ ಅರೇಬಿಕಾ ಎಲ್ಲ ಕಡೆಗೂ ಸರಿ ಎಂದೂ ಅಲ್ಲ. ಅದಕ್ಕೆ ಹೇಳಿಮಾಡಿಸಿದ ಎತ್ತರ 1000 ಮೀಟರ್ ಮೇಲೆ, ಬಾಬಾಬುಡನ್‌ಗಿರಿಯ ಮಗ್ಗುಲಂಥ ಜಾಗ. ಶಿವಮೊಗ್ಗ, ತೀರ್ಥಹಳ್ಳಿ 600 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ಅರೇಬಿಕಾ ಬದುಕುತ್ತದೆ, ಕಾಯಿಯನ್ನೂ ಬಿಡುತ್ತದೆ, ಆದರೆ ಏಪ್ರಿಲ್ ಬಿಸಿಲಿಗೆ ನೆರಳು ಕೇಳುತ್ತದೆ. ಎಲೆತುಕ್ಕು ರೋಗ, ಬಿಳಿ ಕಾಂಡಕೊರಕ ಹುಳು ಎರಡರ ಕಾಟವೂ ಬೆಚ್ಚಗಿನ ಜಾಗದಲ್ಲಿ ಜಾಸ್ತಿ. ಕುಂಡದಲ್ಲಿ ಬೆಳೆಸುವವರಿಗೆ ನಮ್ಮ ಸಲಹೆ ಅರೇಬಿಕಾದ ಗಿಡ್ಡ ತಳಿ, ಅದರಲ್ಲೂ 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ. ಹಳೆಯ ತಳಿ ಎಸ್.795 ರುಚಿಯಲ್ಲಿ ಒಳ್ಳೆಯದೇ, ಆದರೆ ಎತ್ತರದ ಗಿಡ, ಹಿತ್ತಲ ನೆಲಕ್ಕೆ ಸರಿ.

ಹಾಗಾದರೆ ಬೀಜ ಎಲ್ಲಿಂದ? ಮಲೆನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ, ಆದ್ದರಿಂದಲೇ ಕಿಟ್‌ಗೆ ದುಡ್ಡು ಹಾಕುವುದು ಕಂಡರೆ ಸಂಕಟವಾಗುತ್ತದೆ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ಇವತ್ತು ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಶಿವಮೊಗ್ಗದವರಿಗೆ ನರಸಿಂಹರಾಜಪುರದ ದಾರಿ. ಬಿತ್ತನೆ ಬೀಜವನ್ನು ಬೆಳೆಗಾರರಿಗೆ ತಳಿಯ ಹೆಸರು ಹೇಳಿ ಕೊಡುವುದು ಅಲ್ಲಿಯ ಕೆಲಸ. ತೊಡಕು ಒಂದೇ: ಬೀಜವನ್ನು ಮುಂಚಿತವಾಗಿ ಕೇಳಿಡಬೇಕು, ಲೆಕ್ಕವೂ ಕೆಜಿಯದ್ದು. ಒಂದು ಕೆಜಿಯಲ್ಲಿ ಸಾವಿರಗಟ್ಟಲೆ ಬೀಜ. ಹತ್ತು ಗಿಡ ಬೇಕಾದವರು ತೋಟ ಇರುವ ನೆಂಟರೋ ಪರಿಚಯದವರೋ ತರಿಸುವಾಗ ಒಂದು ಹಿಡಿ ಕೇಳಿಕೊಳ್ಳುವುದೇ ದಾರಿ. ಅದೂ ಬೇಡವೆಂದರೆ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು ಕಡೆ ಡಿಸೆಂಬರಿನಲ್ಲಿ ಕೊಯ್ಲು ನಡೆಯುವಾಗ ತೋಟದವರನ್ನು ಹಣ್ಣು ಕೇಳಿ. ಇಪ್ಪತ್ತು ಹಣ್ಣಿಗೆ ಯಾರೂ ಇಲ್ಲ ಎನ್ನುವುದಿಲ್ಲ.

ಹಣ್ಣು ಆರಿಸುವಾಗ ರೋಗವಿಲ್ಲದ, ಚೆನ್ನಾಗಿ ಫಸಲು ಬಿಡುವ ಗಿಡವನ್ನು ನೋಡಿ, ರೆಂಬೆಯ ನಡುಭಾಗದಿಂದ ಪೂರ್ತಿ ಕೆಂಪಾದ ಹಣ್ಣು ಕೀಳಿ. ಕಪ್ಪಗಾಗಿ ಗಿಡದಲ್ಲೇ ಒಣಗಿದ್ದು ಬೇಡ, ಅರೆಹಸಿರೂ ಬೇಡ. ಬೆರಳಲ್ಲಿ ಹಿಸುಕಿದರೆ ಎರಡು ಬೀಜ ಜಾರಿ ಹೊರಬರುತ್ತವೆ. ಒಂಟಿ ಗುಂಡುಬೀಜ ಸಿಕ್ಕರೆ ಬದಿಗಿಡಿ. ನೀರಿಗೆ ಹಾಕಿ, ತೇಲಿದ್ದನ್ನು ಚೆಲ್ಲಿ. ಮುಳುಗಿದ್ದನ್ನು ಜರಡಿ ಹಿಡಿದ ಒಲೆಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ತೆಳ್ಳಗೆ ಹರಡಿ ಆರಿಸಿ. ಬೂದಿ ಅಂಟನ್ನು ಹೀರಿಕೊಳ್ಳುತ್ತದೆ, ಬೀಜ ಒಂದಕ್ಕೊಂದು ಮೆತ್ತಿಕೊಳ್ಳುವುದಿಲ್ಲ. ಬಿಸಿಲಿಗೆ ಮಾತ್ರ ಹಾಕಬಾರದು. ಅಡಿಕೆ ಅಂಗಳದಲ್ಲಿ ಜಾಗ ಇದೆಯೆಂದು ಬೀಜವನ್ನೂ ಅಲ್ಲೇ ಹರವಿ ಕೆಡಿಸಿಕೊಂಡವರು ಉಂಟು.

ಬಿತ್ತನೆ ಡಿಸೆಂಬರ್–ಜನವರಿಯಲ್ಲಿ. ಅರ್ಧ ಅಡಿ ಆಳದ ಟ್ರೇ ಅಥವಾ ಹಳೆಯ ಟಬ್ಬಿಗೆ ತೂತು ಮಾಡಿ, ಮಣ್ಣು ತುಂಬಿ. ಬೀಜದ ಚಪ್ಪಟೆ ಮೈ ಕೆಳಕ್ಕೆ, ದುಂಡು ಬೆನ್ನು ಮೇಲಕ್ಕೆ. ಬೀಜದಿಂದ ಬೀಜಕ್ಕೆ ಎರಡು ಸೆಂಟಿಮೀಟರ್ ಸಾಕು. ಮೇಲೆ ಬೀಜ ಮುಚ್ಚುವಷ್ಟು ಸಣ್ಣ ಮಣ್ಣು, ಅದರ ಮೇಲೆ ಒಂದು ಪದರ ಒಣ ಭತ್ತದ ಹುಲ್ಲು. ದಿನಾ ಚಿಮುಕಿಸುವಷ್ಟು ನೀರು. ಸುಮಾರು 45 ದಿನಕ್ಕೆ ಮೊಳಕೆ ಮೇಲೇಳುತ್ತದೆ. ಚಳಿ ಜೋರಿದ್ದ ವರ್ಷ ಇನ್ನೂ ತಡ, ಯಾಕೆಂದರೆ ಬೀಜಕ್ಕೆ ಬೇಕಾದ ಬಿಸುಪು 28ರಿಂದ 30 ಡಿಗ್ರಿ, ನಮ್ಮ ಪುಷ್ಯದ ರಾತ್ರಿಗಳು ಅದರ ಅರ್ಧದಷ್ಟಿರುತ್ತವೆ. ಅವಸರವಿದ್ದರೆ ನೆನೆಸಿದ ಬೀಜದ ಹೊಟ್ಟನ್ನು ಉಗುರಿನಿಂದ ನಾಜೂಕಾಗಿ ಬಿಡಿಸಿ ಬಿತ್ತಿ, ಬೇಗ ಮೊಳೆಯುತ್ತದೆ. ಆದರೆ ಒಳಮೈಗೆ ಗೀರು ಬಿದ್ದರೆ ಕೊಳೆಯುವುದೂ ಅಷ್ಟೇ ಬೇಗ. ಮೊಳೆತದ್ದು ಕಂಡ ದಿನ ಹುಲ್ಲು ತೆಗೆದುಬಿಡಿ. ತಡ ಮಾಡಿದರೆ ಎಳೆ ಕಾಂಡ ಹುಲ್ಲಿನಡಿಯಲ್ಲಿ ಸೊಟ್ಟಗಾಗುತ್ತದೆ.

ಮೊಳಕೆ ಮೇಲೆ ಬರುವ ಚಂದವನ್ನು ಹತ್ತಿರ ಕೂತು ನೋಡಬೇಕು. ಮೊದಲು ಕಾಂಡ ಕೊಕ್ಕೆಯಂತೆ ಬಾಗಿ ಮಣ್ಣು ಸೀಳುತ್ತದೆ, ಆಮೇಲೆ ನೆಟ್ಟಗಾಗಿ ಇಡೀ ಬೀಜವನ್ನು ಹೊಟ್ಟಿನ ಸಮೇತ ತಲೆ ಮೇಲೆ ಎತ್ತಿಕೊಳ್ಳುತ್ತದೆ. ಟೋಪಿ ಹಾಕಿದ ಬೆಂಕಿಕಡ್ಡಿಯ ಹಾಗೆ ವಾರಗಟ್ಟಲೆ ನಿಂತಿರುತ್ತದೆ. ಟೋಪಿ ಬಿದ್ದ ಮೇಲೆ ಎರಡು ದುಂಡನೆ ಎಲೆ, ಅಂಚು ಸ್ವಲ್ಪ ನೆರಿಗೆ, ಬಿಚ್ಚಿಕೊಳ್ಳುತ್ತವೆ. ಇವು ನಿಜವಾದ ಕಾಫಿ ಎಲೆಯ ಹಾಗೆ ಚೂಪಾಗಿರುವುದಿಲ್ಲ. ‘ಬೇರೆ ಯಾವುದೋ ಕಳೆ’ ಎಂದು ಕಿತ್ತುಹಾಕಬೇಡಿ. ಟೋಪಿಯನ್ನು ಕೈಯಿಂದ ಎಳೆಯುವುದೂ ಬೇಡ, ಒಳಗಿನ ಎಲೆ ಹರಿದು ಬರುತ್ತದೆ. ತೀರಾ ಅಂಟಿಕೊಂಡಿದ್ದರೆ ಬೆಳಗ್ಗೆ ಸಂಜೆ ಒಂದು ಹನಿ ನೀರು ಮುಟ್ಟಿಸಿ ಬಿಟ್ಟರೆ ತಾನೇ ಕಳಚುತ್ತದೆ.

ಕಿಟ್‌ನ ಕುಂಡ ಸೋಲುವುದು ಇದರ ನಂತರದ ಹೆಜ್ಜೆಯಲ್ಲಿ. ಟೋಪಿ ಹೊತ್ತ ಸಸಿಯ ಕೆಳಗೆ ಒಂದೇ ನೇರ ತಾಯಿಬೇರು ಇಳಿದಿರುತ್ತದೆ. ನಾರಿನ ಬಿಲ್ಲೆ ಉಬ್ಬಿದರೂ ನಾಲ್ಕು ಬೆರಳು ಎತ್ತರ ದಾಟದು, ಕುಂಡವೂ ಲೋಟದಷ್ಟೇ. ಬೇರು ತಳ ಮುಟ್ಟಿ ಮಡಚಿಕೊಳ್ಳುತ್ತದೆ. ಮಡಚಿದ ತಾಯಿಬೇರು ಮತ್ತೆ ನೆಟ್ಟಗಾಗುವುದಿಲ್ಲ. ಒಂದೆರಡು ವರ್ಷ ಏನೂ ಗೊತ್ತಾಗದೆ ಗಿಡ ಹಸಿರಾಗಿಯೇ ಇರುತ್ತದೆ, ಆಮೇಲೆ ಬೇಸಿಗೆಯಲ್ಲಿ ಎಷ್ಟು ನೀರು ಹಾಕಿದರೂ ಬಾಡುತ್ತದೆ. ಆಗ ಯಾರೂ ಕಿಟ್‌ನ ಕುಂಡದ ಮೇಲೆ ಅನುಮಾನ ಪಡುವುದಿಲ್ಲ. ಅದಕ್ಕೇ ಟೋಪಿ ಇರುವಾಗಲೇ, ಇಲ್ಲವೇ ದುಂಡೆಲೆ ಬಿಚ್ಚಿದ ಕೂಡಲೇ, 9 ಇಂಚು ಎತ್ತರ 6 ಇಂಚು ಅಗಲದ ನರ್ಸರಿ ಕೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಬದಲಾಯಿಸಿ. ಕೊಟ್ಟೆಗೆ ಕೆಳಗೂ ಬದಿಗೂ ತೂತಿರಲಿ. ಮಣ್ಣಿನ ಹದ: ಆರು ಪಾಲು ಕಾಡುಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಸಣ್ಣ ಮರಳು. ಕಡ್ಡಿಯಿಂದ ನೇರ ಗುಳಿ ಮಾಡಿ, ಬೇರು ಗುಳಿಗಿಂತ ಉದ್ದವಿದ್ದರೆ ಮಡಚಿ ತುರುಕಬೇಡಿ, ತುದಿಯನ್ನು ಉಗುರಿನಿಂದ ಚಿವುಟಿ ಇಳಿಸಿ. ಸುತ್ತ ಮಣ್ಣು ಒತ್ತಿ, ಒಳಗೆ ಗಾಳಿ ಉಳಿಯಬಾರದು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಜೊತೆಗೇ ಬರುತ್ತದೆ, ರಾತ್ರಿ ಬೆಳಗಾಗುವುದರೊಳಗೆ ಸಸಿ ಬುಡದಲ್ಲಿ ಬೇರಿಲ್ಲ ಎಂಬ ಸ್ಥಿತಿ. ನಾರಿನ ಬಿಲ್ಲೆಯನ್ನು ಎಸೆಯಬೇಡಿ, ಪುಡಿ ಮಾಡಿ ಮರಳಿನ ಜೊತೆ ಮೊಳಕೆ ಟ್ರೇಗೆ ಬೆರೆಸಲು ಆದೀತು.

ಕಾಗದದಲ್ಲಿ ‘ಬಿಸಿಲು ಬೀಳುವ ಕಿಟಕಿಯಲ್ಲಿಡಿ, ದಿನಾ ಧಾರಾಳ ನೀರು ಹಾಕಿ, ಎರಡು ವಾರಕ್ಕೆ ಮೊಳಕೆ’ ಎಂಬಂಥ ಮಾತಿದ್ದರೆ ಮೂರೂ ತಪ್ಪು. ಎರಡು ವಾರವೆಂದು ನಂಬಿದವರು ಮೂರನೇ ವಾರ ಮಣ್ಣು ಕೆದಕಿ ನೋಡುತ್ತಾರೆ, ಆಗಷ್ಟೇ ಬಿಡುತ್ತಿದ್ದ ಬೇರು ಮುರಿಯುತ್ತದೆ. ನೀರು ಹೆಚ್ಚಾದರೆ ಬುಡಕೊಳೆ ಬರುತ್ತದೆ: ಮಣ್ಣು ಮುಟ್ಟುವಲ್ಲಿ ಕಾಂಡ ಕಪ್ಪಾಗಿ ದಾರದಷ್ಟು ಸಣಕಲಾಗಿ, ನಿನ್ನೆ ನೆಟ್ಟಗಿದ್ದ ಸಸಿ ಇವತ್ತು ಅಡ್ಡ ಮಲಗಿರುತ್ತದೆ. ಅಂಥದ್ದನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಹಾಕಿ, ಎರಡು ದಿನ ನೀರು ನಿಲ್ಲಿಸಿ, ಗಾಳಿಯಾಡಲು ಬಿಡಿ. ಬಿಸಿಲು ಹೆಚ್ಚಾದರೆ ಎಲೆ ಮೇಲೆ ಕಂದು ಚುಕ್ಕೆ, ನಡುವೆ ಬೂದುಬಿಳಿ ಕಣ್ಣು, ಸುತ್ತ ಹಳದಿ ಬಳೆ ಬರುತ್ತದೆ. ನೆರಳೂ ಪೋಷಣೆಯೂ ಕಡಿಮೆ ಎಂಬುದರ ಗುರುತು ಅದು. ಸೋಗೆ ಚಪ್ಪರದಡಿ ಇಡಿ, ಲೀಟರಿಗೆ ನಾಲ್ಕೈದು ಗ್ರಾಂ ಯೂರಿಯಾ ಕರಗಿಸಿ ಎರಡು ತಿಂಗಳು ದಾಟಿದ ಸಸಿಗಳ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಚುಕ್ಕೆ ಹಬ್ಬುತ್ತಿದ್ದರೆ ಬೋರ್ಡೋ ದ್ರಾವಣ ಸಿಂಪಡಿಸಿ. ಅಡಿಕೆ ಮನೆಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಉಳಿದವರಿಗೆ: 10 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಿನಲ್ಲಿ, 10 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ, ಪ್ಲಾಸ್ಟಿಕ್ ಪಾತ್ರೆಯಲ್ಲೇ ಕರಗಿಸಿ ಬೆರೆಸಿ. ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಅವತ್ತು ಮಾಡಿದ್ದನ್ನು ಅವತ್ತೇ ಸಿಂಪಡಿಸಿ ಮುಗಿಸಿ.

ಮಳೆಗಾಲ ಹಿಡಿದ ಮೇಲೆ ಕೊಟ್ಟೆಗಳನ್ನು ಮಾಡಿನ ನೀರು ಸುರಿಯುವಲ್ಲಿ ಬಿಡಬಾರದು. ಆಗುಂಬೆ, ಹೊಸನಗರ ಕಡೆಯ ಮಳೆಗೆ ಕೊಟ್ಟೆಯಲ್ಲಿ ನೀರು ನಿಂತು ಬೇರು ಉಸಿರುಕಟ್ಟುತ್ತದೆ, ಬಸವನಹುಳು ಎಳೆ ಎಲೆ ಮೇಯುತ್ತದೆ. ಆರೆಂಟು ಜೊತೆ ಎಲೆ ಬಂದ ಗಿಡವನ್ನು ನೆಲಕ್ಕೋ ದೊಡ್ಡ ಕುಂಡಕ್ಕೋ ದಾಟಿಸಬಹುದು. ಹೂವಿಗೆ ಮೂರರಿಂದ ನಾಲ್ಕು ವರ್ಷ.

ಟೀ ಬಗ್ಗೆ ಕಿಟ್ ಮಾಡುವ ತಪ್ಪು ಬೇರೆ ತೆರನದ್ದು. ಕಾಫಿಗೂ ಟೀಗೂ ಒಂದೇ ಬಿಲ್ಲೆ, ಒಂದೇ ಕಾಗದ. ಎರಡೂ ಗಿಡ ಪಕ್ಕಪಕ್ಕದ ಗುಡ್ಡದಲ್ಲಿ ಬೆಳೆದರೂ ಮಣ್ಣಿನ ರುಚಿ ಬೇರೆ. ಕಾಫಿಗೆ ಹುಳಿ ಸ್ವಲ್ಪ ಸಾಕು, ರಸಸಾರ (ಪಿಎಚ್) 6ರಿಂದ 6.5. ಟೀಗೆ ಹುಳಿಮಣ್ಣೇ ಬೇಕು, 4.5ರಿಂದ 5.5. ನಮ್ಮ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ತೊಳೆದು ಮೊದಲೇ ಹುಳಿಯಾಗಿರುತ್ತದೆ, ಅದಕ್ಕೇ ತೋಟದವರು ಕಾಫಿಗೆ ಸುಣ್ಣ ಹಾಕುತ್ತಾರೆ. ಅದೇ ಸುಣ್ಣ, ಅದೇ ಒಲೆಬೂದಿ ಟೀ ಗಿಡಕ್ಕೆ ಬಿದ್ದರೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಅಂಗಳದ ಮಣ್ಣು ಟೀಗೆ ಒಪ್ಪುತ್ತದೆಯೇ ಎಂದು ತಿಳಿಯಲು ಹೈಡ್ರೇಂಜ ಗಿಡವಿದ್ದರೆ ಅದರ ಹೂ ನೋಡಿ: ನೀಲಿ ಅರಳಿದರೆ ಮಣ್ಣು ಹುಳಿ, ಟೀ ಹಾಕಬಹುದು, ಗುಲಾಬಿ ಬಣ್ಣವಿದ್ದರೆ ಆ ಜಾಗ ಬೇಡ. ಗಡಸು ಬೋರ್‌ವೆಲ್ ನೀರು ತಿಂಗಳುಗಟ್ಟಲೆ ಹಾಕಿದರೂ ಇದೇ ಹಳದಿ ಬರುತ್ತದೆ, ಹಿಡಿದಿಟ್ಟ ಮಳೆನೀರು ಒಳ್ಳೆಯದು.

ಟೀ ಬೀಜ ಹಣ್ಣಾಗುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಹೋದ ವರ್ಷದ ಹೂವಿನ ಕಾಯಿ ಒಡೆಯುವಾಗಲೇ ಈ ವರ್ಷದ ಬಿಳಿ ಹೂ ಅರಳಿರುತ್ತದೆ. ಸೊಪ್ಪು ಕೊಯ್ಯುವ ಗಿಡದಲ್ಲಿ ಕಾಯಿ ಕಾಣುವುದು ಅಪರೂಪ, ಕತ್ತರಿಸದೆ ಬಿಟ್ಟ ಗಿಡದಲ್ಲಿ ಮಾತ್ರ. ಕರ್ನಾಟಕದಲ್ಲಿ ಟೀ ತೋಟವೇ ಕಡಿಮೆ: ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಕಲೇಶಪುರದ ಕಾಡುಮನೆ, ಹೀಗೆ ಬೆರಳೆಣಿಕೆಯಷ್ಟು. ತೋಟಗಳೂ ಈಗ ಬೀಜ ನಂಬುವುದಿಲ್ಲ, ಬೀಜದ ಸಸಿ ಒಂದೊಂದೂ ಒಂದೊಂದು ಗುಣ ತೋರುವುದರಿಂದ ಒಂದೆಲೆಯ ಕಾಂಡದ ತುಂಡಿನಿಂದಲೇ ಸಸಿ ಮಾಡುತ್ತವೆ. ಮನೆಗೆ ನಾಲ್ಕು ಗಿಡ ಬೇಕಾದವರು ಬೇರು ಬಿಟ್ಟ ಸಸಿಯನ್ನೇ ತಂದರೆ ಒಳ್ಳೆಯದು. ಬೀಜವೇ ಸಿಕ್ಕಿದರೆ ಅದೇ ವಾರ ಕೆಲಸ ಶುರುಮಾಡಿ. ಒಂದು ದಿನ ನೀರಲ್ಲಿಟ್ಟು ಮುಳುಗಿದ್ದನ್ನು ಮಾತ್ರ ತೆಗೆದುಕೊಳ್ಳಿ. ಒದ್ದೆ ಮರಳಿನ ಮೇಲೆ ಒಂದೇ ಪದರವಾಗಿ ಹರಡಿ, ಒದ್ದೆ ಗೋಣಿಚೀಲ ಮುಚ್ಚಿ, ಬೆಳಗಿನ ಎಳೆಬಿಸಿಲು ತಾಗುವಲ್ಲಿ ಇಡಿ, ಗೋಣಿ ಒಣಗಲು ಬಿಡಬೇಡಿ. ದಿನಾ ಎತ್ತಿ ನೋಡಿ, ಚಿಪ್ಪು ಸೀಳಿದ್ದನ್ನು ಆರಿಸಿ ಒಂದು ಇಂಚು ಆಳಕ್ಕೆ ಕೊಟ್ಟೆಯಲ್ಲಿ ಹಾಕಿ. ಈ ಮಣ್ಣಿಗೆ ಸುಣ್ಣವಿಲ್ಲ, ಬೂದಿಯಿಲ್ಲ, ಕೊಟ್ಟಿಗೆ ಗೊಬ್ಬರವೂ ಇಲ್ಲ. ಕಾಡಿನ ದರಗು ಕಳಿತ ಮಣ್ಣು ಮತ್ತು ಮರಳು ಸಾಕು. ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದರೆ ಪೊದೆ ಕಟ್ಟುತ್ತದೆ. ಸುಮಾರು ಮೂರನೇ ವರ್ಷದಿಂದ ಎರಡೆಲೆ ಒಂದು ಮೊಗ್ಗು ಕೀಳಬಹುದು. ಒಂದು ಕೆಜಿ ಟೀ ಪುಡಿಗೆ ನಾಲ್ಕರಿಂದ ಐದು ಕೆಜಿ ಹಸಿ ಚಿಗುರು ಬೇಕು ಎಂಬ ಲೆಕ್ಕ ಮನಸ್ಸಿನಲ್ಲಿರಲಿ; ನಾಲ್ಕು ಗಿಡ ಅಪರೂಪಕ್ಕೊಮ್ಮೆ ಮನೆಮಂದಿಗೆ ಕುಡಿಸಲು ಸಾಕು, ಡಬ್ಬಿ ತುಂಬಲು ಅಲ್ಲ.

ಬಯಲುಸೀಮೆಯ ಊರಲ್ಲಿದ್ದು ಬೇರೆ ದಾರಿಯೇ ಇಲ್ಲದವರು ಕಿಟ್ ಕೊಳ್ಳಲೇಬೇಕೆಂದಿದ್ದರೆ ಮಾರುವವರಿಗೆ ಮೂರು ಪ್ರಶ್ನೆ ಬರೆದು ಕೇಳಿ: ಹಣ್ಣು ಕಿತ್ತ ತಿಂಗಳು ಯಾವುದು, ತಳಿ ಯಾವುದು, ಬೀಜದ ಮೇಲೆ ಹೊಟ್ಟು ಇದೆಯೇ. ಕಾಫಿ ಬೀಜವಾದರೆ ಜನವರಿಯಿಂದ ಮಾರ್ಚಿನೊಳಗೆ ಮಾತ್ರ ತರಿಸಿ, ಟೀ ಬೀಜವಾದರೆ ನವೆಂಬರಿನಲ್ಲಿ. ಒಂದೇ ಡಬ್ಬಿಯಲ್ಲಿ ಎರಡನ್ನೂ ಹಾಕಿ ವರ್ಷವಿಡೀ ಮಾರುವ ಕಿಟ್‌ನಲ್ಲಿ ಎರಡರಲ್ಲಿ ಒಂದು ಬೀಜವಾದರೂ ಹಳೆಯದಾಗಿರಲೇಬೇಕು.